ಹಿತ್ತಲು ತೋರಿಸುವ ಊರು

ಕೆನಡಾದ ಟೊರಾಂಟೊ ಪಕ್ಕದ ಮಿಸಿಸಾಗಾ, ಬ್ರಾಂಪ್ಟನ್, ಮಾರ್ಕಮ್‌ನಂಥ ಊರುಗಳ ದೊಡ್ಡ ರಸ್ತೆಗಳಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ಮನೆಗಳ ಮುಂಬಾಗಿಲು ಕಾಣುವುದು ಅಪರೂಪ. ಎರಡೂ ಕಡೆ ಉದ್ದಕ್ಕೂ ಮರದ ಬೇಲಿ, ಬೇಲಿಯ ಮೇಲೆ ಇಣುಕುವ ಹಿಂಬದಿಯ ಮಹಡಿ, ನಡುವೆ ಐದಾರು ಸಾಲು ವಾಹನ ಓಡುವ ರಸ್ತೆ, ಅದರ ಅಂಚಿನಲ್ಲಿ ಬಸ್ ನಿಲ್ದಾಣದ ಒಂಟಿ ಕಂಬ. ಮನೆಗಳೆಲ್ಲ ಒಳಮುಖವಾಗಿ, ಬಳುಕುವ ಸಣ್ಣ ಬೀದಿಗಳ ಕಡೆ ತಿರುಗಿ ಕೂತಿವೆ. ಬೇಲಿಗೆ ತಾಗಿಕೊಂಡೇ ಇರುವ ಮನೆಯವರು ಕೂಡ ಆ ಕಂಬದ ಬಳಿಗೆ ಬರಲು ಬಡಾವಣೆಯನ್ನೆಲ್ಲ ಸುತ್ತಬೇಕಾಗುತ್ತದೆ. ಇದು ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ. ಓದಿದವರು, ಒಳ್ಳೆಯ ಉದ್ದೇಶ ಇದ್ದವರು, ನಕ್ಷೆ ಬಿಡಿಸಿ, ಯೋಚಿಸಿ, ಹೀಗೇ ಇರಬೇಕೆಂದು ತೀರ್ಮಾನಿಸಿ ಕಟ್ಟಿದ್ದು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಜಗತ್ತಿನ ಹಲವೆಡೆ ಇಂಥ ಯೋಜಿತ ನಗರಗಳು ಎದ್ದವು. ಚಂಡೀಗಢ, ಬ್ರೆಜಿಲ್ ದೇಶದ ಬ್ರೆಜಿಲಿಯಾ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಟೊರಾಂಟೊ ಸುತ್ತಲಿನ ನಮ್ಮ ಊರುಗಳೂ ಅದೇ ಚಿಂತನೆಯ ಮಕ್ಕಳು ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಈ ನಗರಗಳ ಸಾಮಾಜಿಕ ತೊಂದರೆಯೂ ಸಾರಿಗೆಯ ತೊಂದರೆಯೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ಈ ಮಾತುಕತೆಯಲ್ಲಿ ನಾನು ಇಡುವ ವಾದ. ಯೋಜಕರು ಒಂದು ಬಗೆಯ ಸಂಸಾರವನ್ನು ಕಣ್ಣ ಮುಂದೆ ಇಟ್ಟುಕೊಂಡು ಊರು ಕಟ್ಟಿದರು. ಆಮೇಲೆ ಬಂದವರು ಆ ಊರನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳದ ಹಾಗೆ ಅದಕ್ಕೆ ಕಾನೂನಿನ ಬೀಗ ಹಾಕಿದರು.

ಇದರ ಮೂಲ ಮಾದರಿ ಡಾನ್ ಮಿಲ್ಸ್. ಇಂದು ಅದು ಟೊರಾಂಟೊ ನಗರದ ಒಳಗೇ ಇದೆ. 1950ರ ದಶಕದ ಆರಂಭದಲ್ಲಿ ಅದು ನಾರ್ತ್ ಯಾರ್ಕ್‌ನ ಹೊಲಗದ್ದೆ. ಬಿಯರ್ ಉದ್ಯಮದಲ್ಲಿ ಹಣ ಮಾಡಿದ ಇ. ಪಿ. ಟೇಲರ್ ಸುಮಾರು ಎರಡು ಸಾವಿರ ಎಕರೆ ಕೊಂಡರು. ನಕ್ಷೆಯ ಹೊಣೆ ಹೊತ್ತವರು ಮ್ಯಾಕ್ಲಿನ್ ಹ್ಯಾನ್‌ಕಾಕ್. ಹಾರ್ವರ್ಡ್‌ನಲ್ಲಿ ಓದಿದ, ಆಗಿನ್ನೂ ಮೂವತ್ತು ತುಂಬದ ತರುಣ. ಡಾನ್ ಮಿಲ್ಸ್ ರಸ್ತೆಯೂ ಲಾರೆನ್ಸ್ ಅವೆನ್ಯೂವೂ ಸೇರುವ ಚೌಕದ ಸುತ್ತ ಊರನ್ನು ನಾಲ್ಕು ಪಾಲು ಮಾಡಿದರು. ಪ್ರತಿ ಪಾಲಿಗೂ ಒಂದು ಪ್ರಾಥಮಿಕ ಶಾಲೆ, ಉದ್ಯಾನ, ಒಳಗೆ ವೇಗವಾಗಿ ಹಾದುಹೋಗಲಾಗದ ಬಳಸುಬೀದಿಗಳು. ನಡುವೆ ವಾಹನ ನಿಲ್ಲಿಸಲು ವಿಶಾಲ ಜಾಗವಿರುವ ಅಂಗಡಿ ಸಮುಚ್ಚಯ. ಕಾರ್ಖಾನೆ, ಕಚೇರಿಗಳು ಅಂಚಿನಲ್ಲಿ ಪ್ರತ್ಯೇಕ. ನಡುನಡುವೆ ಹಸಿರು ಪಟ್ಟಿ. ನೆರೆಹೊರೆಯನ್ನು ಶಾಲೆಯ ಸುತ್ತ ಕಟ್ಟಬೇಕೆಂಬ ಅಮೆರಿಕದ ಕ್ಲಾರೆನ್ಸ್ ಪೆರಿಯ 1929ರ ಆಲೋಚನೆ, ವಾಸ, ಕೆಲಸ, ವಿರಾಮ, ಸಂಚಾರಗಳನ್ನು ಬೇರೆಬೇರೆ ಇಡಬೇಕೆಂಬ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಬಳಗದ ಸಿದ್ಧಾಂತ, ಎರಡೂ ಇಲ್ಲಿ ಕೂಡಿಕೊಂಡವು. ಆದರೆ ಈ ಮಾದರಿ ಹಬ್ಬಿದ್ದಕ್ಕೆ ಸಿದ್ಧಾಂತಕ್ಕಿಂತ ದೊಡ್ಡ ಕಾರಣ ಲೆಕ್ಕದ ಪುಸ್ತಕ. ಒಳಚರಂಡಿ, ನೀರು, ರಸ್ತೆಗಳನ್ನು ಟೇಲರ್ ಅವರ ಕಂಪನಿಯೇ ತನ್ನ ಖರ್ಚಿನಲ್ಲಿ ಹಾಕಿಕೊಟ್ಟಿತು; ಕೈಯಲ್ಲಿ ಕಾಸಿಲ್ಲದ ಪುರಸಭೆಗೆ ಅದು ಬಯಸದೆ ಬಂದ ಭಾಗ್ಯ. ಮುಂದೆ ಬ್ರಾಂಪ್ಟನ್‌ನ ಬ್ರಾಮಲೀ, ಮಿಸಿಸಾಗಾದ ಎರಿನ್ ಮಿಲ್ಸ್, ಮೆಡೋವೇಲ್ ಇದೇ ಅಚ್ಚಿನಲ್ಲಿ ಬಂದವು. 1978ರಿಂದ 1980ರವರೆಗೆ ಟೊರಾಂಟೊ ಮೇಯರ್ ಆಗಿದ್ದ ಜಾನ್ ಸ್ಯೂಯೆಲ್ ನಂತರ ಬರೆದ ಪುಸ್ತಕಗಳಲ್ಲಿ ಈ ವಂಶಾವಳಿಯನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಬ್ರಾಮಲೀಯಲ್ಲಂತೂ ಒಂದೊಂದು ಭಾಗದ ಬೀದಿಗಳ ಹೆಸರೆಲ್ಲ ಒಂದೇ ಅಕ್ಷರದಿಂದ ಶುರುವಾಗುತ್ತವೆ. ವಿಳಾಸ ಹೇಳಿದರೆ ಸಾಕು, ಊರಿನ ಯಾವ ಖಾನೆಯವರು ನೀವು ಎಂದು ತಿಳಿಯುತ್ತದೆ. ಯೋಜಕರಿಗೆ ಖಾನೆಗಳ ಮೇಲೆ ಎಷ್ಟು ಪ್ರೀತಿ ಇತ್ತು ನೋಡಿ.

ಈ ಖಾನೆಗಳಲ್ಲಿ ಯಾರು ಬಾಳಬೇಕಿತ್ತು? ಬೆಳಿಗ್ಗೆ ಕಾರಿನಲ್ಲಿ ಕೆಲಸಕ್ಕೆ ಹೋಗುವ ಗಂಡ, ಮನೆಯಲ್ಲಿ ಉಳಿಯುವ ಹೆಂಡತಿ, ನಡೆದು ಶಾಲೆಗೆ ಹೋಗುವ ಎರಡು ಮೂರು ಮಕ್ಕಳು. ಆ ಕಾಲದ ಮಧ್ಯಮವರ್ಗಕ್ಕೆ ಈ ಚಿತ್ರ ಸುಳ್ಳಾಗಿರಲಿಲ್ಲ. ಡಾನ್ ಮಿಲ್ಸ್‌ನ ಮೊದಲ ನಿವಾಸಿಗಳಲ್ಲಿ ಅನೇಕರಿಗೆ ಊರು ಹಿಡಿಸಿತು ಎಂಬುದನ್ನೂ ಅಲ್ಲಗಳೆಯಬೇಕಿಲ್ಲ. ಆದರೆ ಚಿತ್ರದೊಳಗೇ ಬಿರುಕಿತ್ತು. ಊರಲ್ಲಿ ಕೆಲಸ ಮಾಡುವವರು ಊರಲ್ಲೇ ವಾಸಿಸುತ್ತಾರೆ ಎಂಬುದು ಯೋಜನೆಯ ಹೆಮ್ಮೆಯ ಭರವಸೆಯಾಗಿತ್ತು. ಮನೆಗಳ ಬೆಲೆ ಏರಿತು; ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಅವು ಎಟುಕಲಿಲ್ಲ. ದುಡಿಯುವವರು ಹೊರಗಿನಿಂದ ಬಂದರು, ವಾಸಿಸುವವರು ಹೊರಗೆ ದುಡಿಯಲು ಹೋದರು. ಇಬ್ಬರಿಗೂ ಕಾರು ಬೇಕಾಯಿತು. ಮನೆಯಲ್ಲಿ ಇಬ್ಬರೂ ಸಂಪಾದಿಸುವ ಕಾಲ ಬಂದಾಗ ಎರಡು ಕಾರು, ಮಕ್ಕಳು ದೊಡ್ಡವರಾದಾಗ ಮೂರು. ನಮ್ಮ ಕನ್ನಡ ಸಂಸಾರಗಳಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತು. 2011ರ ಡಿಸೆಂಬರ್‌ನಲ್ಲಿ ಸೂಪರ್ ವೀಸಾ ಬಂದ ಮೇಲೆ ಊರಿನಿಂದ ತಂದೆತಾಯಿ ಬಂದು ದೀರ್ಘಕಾಲ ಇರುವುದು ಸಾಮಾನ್ಯವಾಯಿತು. 2022ರಿಂದ ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಬೆಳಿಗ್ಗೆ ಎದ್ದು ಹಾಲು ತಂದು, ತರಕಾರಿ ಚೌಕಾಶಿ ಮಾಡಿ, ದೇವಸ್ಥಾನದ ಕಟ್ಟೆಯಲ್ಲಿ ಕೂತು ನಾಲ್ಕು ಜನರ ಜೊತೆ ಮಾತಾಡಿ ಬರುತ್ತಿದ್ದ ಹಿರಿಯರು ಇಲ್ಲಿ ಮಗನೋ ಸೊಸೆಯೋ ಕಾರು ತೆಗೆಯುವವರೆಗೆ ಮನೆಯಿಂದ ಕದಲಲಾರರು. ಇದನ್ನು ಚಳಿಯ ತಲೆಗೆ ಕಟ್ಟುವುದು ನಮ್ಮ ರೂಢಿ. ಜುಲೈ ತಿಂಗಳಲ್ಲೂ ಅವರು ಮನೆಯಲ್ಲೇ ಇರುತ್ತಾರಲ್ಲ, ಅದಕ್ಕೆ ಚಳಿ ಕಾರಣವಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಹೋಗಲು ಏನೂ ಇಲ್ಲ, ಯಾಕೆಂದರೆ ಯಾವ ಜಾಗದಲ್ಲಿ ಏನಿರಬಹುದು ಎಂದು ಗೊತ್ತುಮಾಡುವ ಜೋನಿಂಗ್ ಕಾನೂನು ಮನೆಗಳ ನಡುವೆ ಅಂಗಡಿ ಇಡುವುದನ್ನು ಬಹುಮಟ್ಟಿಗೆ ನಿಷೇಧಿಸಿದೆ.

ಶ್ರೀಮಂತ ಉಪನಗರದ ಮಾತು ಹಾಗಿರಲಿ. ಇದೇ ಚಿಂತನೆ ಬಡವರ ಕೇರಿಗೆ ಬಂದಾಗ ಇನ್ನಷ್ಟು ಕಠೋರವಾಯಿತು. ಡೌನ್‌ಟೌನ್‌ನ ಪೂರ್ವಕ್ಕಿದ್ದ ಕ್ಯಾಬೇಜ್‌ಟೌನಿನ ದಕ್ಷಿಣ ಭಾಗವನ್ನು ಕೆಡವಿ ರೀಜೆಂಟ್ ಪಾರ್ಕ್ ಕಟ್ಟಲು 1947ರಲ್ಲಿ ಟೊರಾಂಟೊ ಮತದಾರರೇ ಒಪ್ಪಿಗೆ ಕೊಟ್ಟರು. ಕೆಡವಿದ ಮನೆಗಳು ಶೋಚನೀಯವಾಗಿದ್ದವು ಎಂಬುದರಲ್ಲಿ ಸಂಶಯವಿಲ್ಲ. ಹೊಸ ಮನೆಗಳಲ್ಲಿ ಬಿಸಿನೀರು, ಸ್ನಾನದ ಕೋಣೆ, ಬೆಳಕು ಇದ್ದವು. 1953ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ‘ಫೇರ್‌ವೆಲ್ ಓಕ್ ಸ್ಟ್ರೀಟ್’ ಎಂಬ ಚಿತ್ರ ಮಾಡಿ ಈ ಬದಲಾವಣೆಯನ್ನು ಕೊಂಡಾಡಿತು. ಆದರೆ ಮನೆಯ ಜೊತೆಗೆ ಬೀದಿಯನ್ನೂ ಕಿತ್ತುಹಾಕಿದ್ದರು. ಹಾದುಹೋಗುವ ರಸ್ತೆಗಳನ್ನು ಮುಚ್ಚಿ ಹುಲ್ಲು ಬೆಳೆಸಿ, ಅದರ ನಡುವೆ ಕಟ್ಟಡಗಳನ್ನು ನಿಲ್ಲಿಸಿದರು. ಒಳಗೆ ಅಂಗಡಿ ಇಲ್ಲ, ಹೊರಗಿನವರು ದಾಟಿಹೋಗುವ ದಾರಿ ಇಲ್ಲ. ಸುತ್ತಲಿನ ಊರಿಗೂ ಇದಕ್ಕೂ ಸಂಬಂಧವೇ ಕಡಿಯಿತು. ಐವತ್ತು ವರ್ಷ ಕಳೆದ ಮೇಲೆ, 2005ರಿಂದ, ಅದನ್ನು ಹಂತಹಂತವಾಗಿ ಕೆಡವಿ ಮತ್ತೆ ಕಟ್ಟುತ್ತಿದ್ದಾರೆ. ಹೊಸ ನಕ್ಷೆಯ ಮುಖ್ಯ ಸುಧಾರಣೆ ಏನು ಗೊತ್ತೆ? ಮುಚ್ಚಿದ್ದ ಬೀದಿಗಳನ್ನು ತೆರೆದದ್ದು, ನೆಲಮಟ್ಟದಲ್ಲಿ ದಿನಸಿ ಅಂಗಡಿ, ಬ್ಯಾಂಕು ಬರುವಂತೆ ಮಾಡಿದ್ದು. ಹಳೆಯ ನಿವಾಸಿಗಳಲ್ಲಿ ಎಷ್ಟು ಜನ ಮರಳಿ ಬರಲು ಸಾಧ್ಯವಾಯಿತು, ಮಾರಾಟದ ಕಾಂಡೊಗಳು ಅವರ ನಡುವೆ ಹೇಗೆ ಹೊಂದಿಕೊಂಡವು ಎಂಬ ಪ್ರಶ್ನೆಗಳಿವೆ. ಅವು ನ್ಯಾಯವಾದ ಪ್ರಶ್ನೆಗಳೇ. ಬೀದಿ ಬೇಕಿತ್ತು ಎಂಬ ವಿಷಯದಲ್ಲಿ ಮಾತ್ರ ಈಗ ತಕರಾರಿಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ಪಾಠ ಹೇಳುವುದು ಡಾನ್ ಕಣಿವೆಯ ಅಂಚಿನ ಎರಡು ಬಡಾವಣೆಗಳು, ಫ್ಲೆಮಿಂಗ್ಡನ್ ಪಾರ್ಕ್ ಮತ್ತು ಥಾರ್ನ್‌ಕ್ಲಿಫ್ ಪಾರ್ಕ್. ಫ್ಲೆಮಿಂಗ್ಡನ್ ಕೂಡ ಹ್ಯಾನ್‌ಕಾಕ್ ಅವರ ನಕ್ಷೆಯೇ. ಥಾರ್ನ್‌ಕ್ಲಿಫ್ ಮೊದಲು ಕುದುರೆ ರೇಸಿನ ಮೈದಾನವಾಗಿತ್ತು. ಇಲ್ಲಿ ಅರವತ್ತರ ದಶಕದಲ್ಲಿ ಎತ್ತರದ ಬಾಡಿಗೆ ಅಪಾರ್ಟ್‌ಮೆಂಟ್‌ಗಳು ಸಾಲಾಗಿ ಎದ್ದವು. ಮುಖ್ಯವಾಗಿ ಕಾರು ಇಟ್ಟುಕೊಂಡ ಒಂಟಿ ಯುವಕರು, ಹೊಸದಾಗಿ ಮದುವೆಯಾದವರು ಇದ್ದು ಹೋಗುವ ಜಾಗವೆಂಬುದು ಎಣಿಕೆ. ಡಾನ್ ವ್ಯಾಲಿ ಪಾರ್ಕ್‌ವೇ ಹೆದ್ದಾರಿ ಪಕ್ಕದಲ್ಲೇ. ಕಟ್ಟಡದಿಂದ ಕಟ್ಟಡಕ್ಕೆ ವಿಶಾಲ ಹುಲ್ಲುಹಾಸು, ಡಾಂಬರಿನ ಪಾರ್ಕಿಂಗ್ ಬಯಲು. ಕೆಲವೇ ದಶಕಗಳಲ್ಲಿ ಬಂದವರು ಯಾರು? ಪಾಕಿಸ್ತಾನ, ಭಾರತ, ಅಫ್ಘಾನಿಸ್ತಾನ, ಮತ್ತೆ ಹತ್ತಾರು ದೇಶಗಳಿಂದ ಮಕ್ಕಳುಮರಿಗಳೊಂದಿಗೆ ಬಂದ ಸಂಸಾರಗಳು. ಥಾರ್ನ್‌ಕ್ಲಿಫ್‌ನ ಪ್ರಾಥಮಿಕ ಶಾಲೆ ಇಡೀ ಉತ್ತರ ಅಮೆರಿಕದಲ್ಲೇ ಅತಿ ದೊಡ್ಡ ಪ್ರಾಥಮಿಕ ಶಾಲೆಗಳಲ್ಲಿ ಒಂದೆನಿಸಿತು. ಒಂಟಿ ಯುವಕರಿಗೆಂದು ಬಿಡಿಸಿದ ನಕ್ಷೆಯ ಹಣೆಬರಹ ಅದು! ಕಾರು ಇಲ್ಲದ ಮನೆಗಳು ಇಲ್ಲಿ ಬಹಳ. ಬಯಲಲ್ಲಿ ತರಕಾರಿ ಮಾರಲು ಜನ ಇದ್ದರು, ಕೊಳ್ಳಲು ಜನ ಇದ್ದರು, ಜಾಗವೂ ಇತ್ತು. ಅನುಮತಿ ಇರಲಿಲ್ಲ, ಯಾಕೆಂದರೆ ಅದು ವಾಸದ ಖಾನೆ. ಥಾರ್ನ್‌ಕ್ಲಿಫ್ ಪಾರ್ಕ್ ಮಹಿಳಾ ಸಮಿತಿ ಎಂಬ ಸಂಘಟನೆ ಅಲ್ಲಿನ ಆರ್. ವಿ. ಬರ್ಜೆಸ್ ಉದ್ಯಾನದಲ್ಲಿ ಸಂತೆ ನಡೆಸಲು, ಉದ್ಯಾನದಲ್ಲೇ ಒಂದು ತಂದೂರಿ ಒಲೆ ಹಾಕಿಸಲು ಪಟ್ಟ ಪಾಡು ಪ್ರಸಿದ್ಧವಾಗಿದೆ. ಪ್ರತಿಯೊಂದಕ್ಕೂ ಪರವಾನಗಿ, ಶುಲ್ಕ, ಅರ್ಜಿ. ಕೊನೆಗೂ ಗೆದ್ದರು. ಸಂಜೆ ಆ ಸಂತೆಗೆ ಹೆಂಗಸರು ಮಕ್ಕಳು ಸೇರಿದರು, ಮನೆಯಲ್ಲೇ ಹೊಲಿದದ್ದು, ಬೇಯಿಸಿದ್ದು ಮಾರಾಟವಾಯಿತು.

ಈ ಪ್ರಸಂಗವನ್ನು ಹೃದಯಸ್ಪರ್ಶಿ ಕಥೆ ಎಂದು ಮೆಚ್ಚಿ ಸುಮ್ಮನಾಗುವುದು ಸುಲಭ. ನಾನು ಅದನ್ನು ಸಾಕ್ಷ್ಯ ಎಂದು ಮುಂದಿಡುತ್ತೇನೆ. ಗಗನಚುಂಬಿ ಕಟ್ಟಡಗಳೇ ಜನರನ್ನು ಒಂಟಿಯಾಗಿಸುತ್ತವೆ, ಹುಲ್ಲುಹಾಸೇ ಅನಾಥಭಾವ ಹುಟ್ಟಿಸುತ್ತದೆ ಎಂದು ಆಧುನಿಕ ನಗರಯೋಜನೆಯನ್ನು ಬಯ್ಯುವವರು ಹೇಳುವುದುಂಟು. ಹಾಗಿದ್ದರೆ ಅದೇ ಕಟ್ಟಡ, ಅದೇ ಹುಲ್ಲು ಇದ್ದೂ ಒಂದು ಸಂತೆಯಿಂದ ಜಾಗದ ಕಳೆ ಬದಲಾದದ್ದು ಹೇಗೆ? ತೊಡಕು ಕಾಂಕ್ರೀಟಿನಲ್ಲಿ ಇರಲಿಲ್ಲ, ಕಡತದಲ್ಲಿತ್ತು. ಟೊರಾಂಟೊದಲ್ಲಿ ಯುದ್ಧಾನಂತರದ ಇಂಥ ಅಪಾರ್ಟ್‌ಮೆಂಟ್ ಕಟ್ಟಡಗಳು ಸಾವಿರಕ್ಕೂ ಹೆಚ್ಚಿವೆ, ಬಹುಪಾಲು ಡೌನ್‌ಟೌನಿಂದ ದೂರ. ಅವುಗಳನ್ನು ಕೆಡವದೆ ನವೀಕರಿಸಬೇಕು, ಬುಡದಲ್ಲಿ ಅಂಗಡಿ, ದವಾಖಾನೆ, ತರಗತಿಗಳಿಗೆ ಅವಕಾಶ ಕೊಡಬೇಕು ಎಂದು ಕೆಲವು ವಾಸ್ತುಶಿಲ್ಪಿಗಳು, ಸಾರ್ವಜನಿಕ ಆರೋಗ್ಯದವರು ವರ್ಷಗಟ್ಟಲೆ ವಾದಿಸಿದ ಮೇಲೆ 2014ರಲ್ಲಿ ನಗರಸಭೆ ಸುಮಾರು ಐನೂರು ಅಪಾರ್ಟ್‌ಮೆಂಟ್ ನಿವೇಶನಗಳಿಗೆ ಹೊಸ ಜೋನಿಂಗ್ ಒಪ್ಪಿತು. ಸಣ್ಣ ಅಂಗಡಿ ಇಡಬಹುದು ಎಂಬ ಒಂದು ಸಾಲನ್ನು ಸೇರಿಸಲು ಅರ್ಧ ಶತಮಾನ ಹಿಡಿಯಿತು.

ಇಷ್ಟರಲ್ಲಿ ಊರಿನ ಆರ್ಥಿಕ ನಕ್ಷೆಯೇ ತಿರುವುಮುರುವಾಗಿತ್ತು. ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಹಲ್‌ಚಾನ್‌ಸ್ಕಿ 1970ರಿಂದ 2005ರವರೆಗಿನ ಜನಗಣತಿಯ ಅಂಕಿಗಳನ್ನು ಜೋಡಿಸಿ ತೋರಿಸಿದ ಸಂಗತಿ ಇದು: ಮಧ್ಯಮ ಆದಾಯದ ನೆರೆಹೊರೆಗಳು ನಗರದಲ್ಲಿ ಶೇಕಡಾ 66 ಇದ್ದವು, 29ಕ್ಕೆ ಇಳಿದವು. ಕಡಿಮೆ ಆದಾಯದವು 19ರಿಂದ 53ಕ್ಕೆ ಏರಿದವು, ಏರಿದ್ದು ಹೆಚ್ಚಾಗಿ ಸ್ಕಾರ್ಬರೊ, ನಾರ್ತ್ ಯಾರ್ಕ್, ಎಟೊಬಿಕೊಗಳ ಯುದ್ಧಾನಂತರದ ಬಡಾವಣೆಗಳಲ್ಲಿ. ಅತ್ತ ಸಬ್‌ವೇ ಸುತ್ತಲಿನ, ಒಮ್ಮೆ ಹಳತು ಕೊಳಕು ಎನಿಸಿಕೊಂಡಿದ್ದ ಬೀದಿಗಳಿಗೆ ಹಣವಂತರು ಬಂದರು. ಕೈಯಲ್ಲಿ ದುಡ್ಡಿದ್ದು ಕಾರು ಕೊಳ್ಳಬಲ್ಲವರು ಕಾರು ಬೇಡದ ಜಾಗದಲ್ಲಿ, ಕಾರಿಗೆ ಕಾಸಿಲ್ಲದವರು ಕಾರಿಲ್ಲದೆ ಬಾಳಲಾಗದ ಜಾಗದಲ್ಲಿ. ಯೋಜನೆಯ ಸಾಮಾಜಿಕ ದೋಷ ಸಾರಿಗೆಯ ದೋಷವಾಗುವುದು ಇಲ್ಲಿ. ಉಪನಗರಗಳಿಂದ ಹಳೆಯ ನಗರವನ್ನು ಸೀಳಿಕೊಂಡು ಬರಲಿದ್ದ ಸ್ಪಡೈನಾ ಹೆದ್ದಾರಿಯನ್ನು 1971ರಲ್ಲಿ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್ ಬಿಲ್ ಡೇವಿಸ್ ನಿಲ್ಲಿಸಿದ್ದನ್ನು, ಅದರ ವಿರುದ್ಧ ಲೇಖಕಿ ಜೇನ್ ಜೇಕಬ್ಸ್ ಮುಂತಾದವರು ಹೋರಾಡಿದ್ದನ್ನು ಈ ನಗರ ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ. ಹಳೆಯ ನಗರ ಉಳಿಯಿತು, ಸಂತೋಷ. ಹೆದ್ದಾರಿ ಬರುತ್ತದೆಂದು ನಂಬಿ ಕಟ್ಟಿದ್ದ ಉಪನಗರಗಳಿಗೆ ಬದಲಿ ಏನು ಕೊಡಬೇಕೆಂಬ ಪ್ರಶ್ನೆಗೆ ಅಷ್ಟೇ ಹುರುಪಿನ ಉತ್ತರ ಬರಲಿಲ್ಲ. ಆ ಹೆದ್ದಾರಿಯ ಕಟ್ಟಿದ ಭಾಗ ಇಂದೂ ಎಗ್ಲಿಂಟನ್ ಅವೆನ್ಯೂಗೆ ಬಂದು ಥಟ್ಟನೆ ಮುಗಿಯುತ್ತದೆ.

ಇಲ್ಲಿ ಸಾರಿಗೆ ಎಂಜಿನಿಯರರ ಒಂದು ಹಳೆಯ ಆಕ್ಷೇಪ ಇದಿರಾಗುತ್ತದೆ. ಇಂಥ ತೆಳು ವಸತಿಯ ಊರಿನಲ್ಲಿ ಬಸ್ಸು ಓಡಿಸುವುದು ನಷ್ಟದ ಬಾಬ್ತು, ಜನಸಾಂದ್ರತೆ ಇಲ್ಲದೆ ಸಾರ್ವಜನಿಕ ಸಾರಿಗೆ ಇಲ್ಲ ಎಂಬುದು ಅವರ ಮಾತು. ಇದು ಅರ್ಧ ಸತ್ಯ ಎಂಬುದಕ್ಕೆ ಟೊರಾಂಟೊ ನಗರವೇ ರುಜುವಾತು. ಹದಿನೆಂಟನೆಯ ಶತಮಾನದ ಕೊನೆಗೆ ಬ್ರಿಟಿಷ್ ಸರ್ವೆಯವರು ಹೊಲ ಹಂಚಲು ಯಾರ್ಕ್ ಸೀಮೆಯಲ್ಲಿ ಸುಮಾರು ಎರಡು ಕಿಲೋಮೀಟರಿಗೊಂದರಂತೆ ನೇರ ದಾರಿಗಳನ್ನು ಎಳೆದರು. ಫಿಂಚ್, ಶೆಪರ್ಡ್, ಲಾರೆನ್ಸ್, ಎಗ್ಲಿಂಟನ್ ಎಲ್ಲ ಆ ಗೆರೆಗಳೇ. ಆಧುನಿಕ ಯೋಜಕರು ಆ ಚೌಕಗಳ ಒಳಗೆ ಬಳಸುಬೀದಿ ತುಂಬಿದರು, ಗೆರೆಗಳು ಉಳಿದುಕೊಂಡವು. 1954ರಲ್ಲಿ ಮೆಟ್ರೊ ಟೊರಾಂಟೊ ಎಂಬ ಕೂಡು ಆಡಳಿತ ಬಂದಾಗ ಟಿಟಿಸಿ ಸಂಸ್ಥೆಗೆ ಇಡೀ ಪ್ರದೇಶದ ಸಾರಿಗೆಯನ್ನು ಒಪ್ಪಿಸಿದರು. ಅದು ಈ ಗೆರೆಗಳ ಮೇಲೆ ಬಸ್ಸುಗಳನ್ನು ಓಡಿಸಿ ಸಬ್‌ವೇ ನಿಲ್ದಾಣಗಳಿಗೆ ಜೋಡಿಸಿತು. 1973ರಲ್ಲಿ ವಲಯ ದಾಟಿದರೆ ಹೆಚ್ಚು ದರ ಎಂಬ ಪದ್ಧತಿ ಹೋಯಿತು, ಸ್ಕಾರ್ಬರೊದಿಂದ ಡೌನ್‌ಟೌನಿಗೂ ಒಂದೇ ಟಿಕೆಟ್. ಆಸ್ಟ್ರೇಲಿಯದ ವಿದ್ವಾಂಸ ಪಾಲ್ ಮೀಸ್ ಟೊರಾಂಟೊವನ್ನು ತನ್ನ ಮೆಲ್ಬರ್ನ್ ಜೊತೆ ಹೋಲಿಸಿ 2000ದಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರ ತೀರ್ಮಾನದಂತೆ ಬಸ್ಸು ತುಂಬಿದ್ದಕ್ಕೆ ಸಾಂದ್ರತೆಗಿಂತ ಹೆಚ್ಚಾಗಿ ಸೇವೆ ಕಾರಣ: ಪದೇಪದೇ ಬರುವ ಬಸ್ಸು, ಕಾಯಿಸದ ಬದಲಾವಣೆ, ಒಂದೇ ಆಡಳಿತ. ಬ್ರಾಂಪ್ಟನ್ ಇತ್ತೀಚಿನ ಸಾಕ್ಷಿ. 2021ರ ಜನಗಣತಿಯಲ್ಲಿ 6,56,480 ಜನರಿದ್ದ ಆ ಊರು ನೋಡಲು ಅಪ್ಪಟ ಕಾರಿನ ಊರು. 2010ರಲ್ಲಿ ಜೂಮ್ ಎಂಬ ವೇಗದ ಬಸ್ಸು ಶುರು ಮಾಡಿ ಮುಖ್ಯ ರಸ್ತೆಗಳಲ್ಲಿ ಸೇವೆ ಹೆಚ್ಚಿಸಿದರು. ಕೋವಿಡ್ ಮುಗಿದ ಮೇಲೆ ಬೇರೆ ಊರುಗಳು ಕಳೆದುಕೊಂಡ ಪ್ರಯಾಣಿಕರನ್ನು ಹುಡುಕುತ್ತಿದ್ದಾಗ ಅಲ್ಲಿ ಬಸ್ಸು ಹತ್ತುವವರ ಸಂಖ್ಯೆ ಹಿಂದಿನ ಮಟ್ಟವನ್ನು ದಾಟಿಬಿಟ್ಟಿತ್ತು. ಗೋದಾಮುಗಳಲ್ಲಿ ಪಾಳಿ ದುಡಿಯುವವರು, ಕಾಲೇಜಿನ ಹುಡುಗರು, ಹೊಸದಾಗಿ ಬಂದವರು ಅವರು. ಸಾಂದ್ರತೆಯ ಸೂತ್ರ ಇವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆದರೂ ಬಸ್ಸಿನಿಂದ ಎಲ್ಲ ಸರಿಹೋಗುತ್ತದೆ ಎನ್ನಲಾರೆ. ನಕ್ಷೆ ಬಸ್ಸಿನ ಕೈಕಾಲು ಕಟ್ಟುವ ಜಾಗಗಳಿವೆ. ಎಲ್ಲ ವಾಹನಗಳನ್ನೂ ಬಡಾವಣೆಯಿಂದ ಹೊರತಳ್ಳಿ ಕೆಲವೇ ದೊಡ್ಡ ರಸ್ತೆಗಳಿಗೆ ಸುರಿಯುವುದು ಈ ಯೋಜನೆಯ ತಿರುಳು. ಹಾಗಾಗಿ ಬಸ್ಸು ಹೋಗಬೇಕಾದ ರಸ್ತೆಯೇ ಅತಿ ಹೆಚ್ಚು ಕಾರಿನ ರಸ್ತೆ, ಇಳಿದವರು ದಾಟಬೇಕಾದ ರಸ್ತೆಯೇ ಅತಿ ಅಪಾಯದ ರಸ್ತೆ. ನಡೆಯುವಾಗ ವಾಹನಕ್ಕೆ ಸಿಕ್ಕಿ ಸಾಯುವವರಲ್ಲಿ ವೃದ್ಧರ ಪಾಲು ಅವರ ಜನಸಂಖ್ಯೆಗೆ ಮೀರಿದ್ದು. ಫಿಂಚ್ ವೆಸ್ಟ್ ಮಾರ್ಗವನ್ನು ನೋಡಿ. 2007ರಲ್ಲಿ ಅಂದಿನ ಟೊರಾಂಟೊ ಮೇಯರ್ ಡೇವಿಡ್ ಮಿಲ್ಲರ್ ಪ್ರಕಟಿಸಿದ ಯೋಜನೆಯ ಭಾಗವಾಗಿದ್ದ ಆ ಹಗುರ ರೈಲು, ನಡುವೆ ರಾಜಕೀಯದ ಏಳುಬೀಳು ಕಂಡು 2025ರ ಡಿಸೆಂಬರ್‌ನಲ್ಲಿ ಓಡತೊಡಗಿತು. ಹತ್ತು ಕಿಲೋಮೀಟರಿಗೆ 18 ನಿಲ್ದಾಣ. ತನ್ನದೇ ಹಳಿ, ತನ್ನದೇ ಪಥ ಇದ್ದರೂ ಚೌಕಗಳಲ್ಲಿ ಎಡಕ್ಕೆ ತಿರುಗುವ ಕಾರುಗಳಿಗಾಗಿ ಕೆಂಪು ದೀಪದ ಮುಂದೆ ನಿಲ್ಲುತ್ತಿತ್ತು. ಮೊದಲ ವಾರಗಳಲ್ಲೇ ನಿಧಾನದ ಬಗ್ಗೆ ದೂರುಗಳ ಸುರಿಮಳೆಯಾಯಿತು. ಹಳಿ ಹಾಕುವುದು ಎಂಜಿನಿಯರಿಂಗ್, ದೀಪ ಯಾರಿಗೆ ಹಸಿರಾಗಬೇಕು ಎಂಬುದು ಊರು ಯಾರದು ಎಂಬ ತೀರ್ಮಾನ. ಮುನಿಸಿಪಲ್ ಗಡಿಯ ಕಥೆಯೂ ಇದೆ. ಟೊರಾಂಟೊದ ಉತ್ತರ ಗಡಿಯಾದ ಸ್ಟೀಲ್ಸ್ ಅವೆನ್ಯೂ ದಾಟಿದರೆ ಇನ್ನೊಂದು ಟಿಕೆಟ್ ಕೊಳ್ಳಬೇಕಾಗಿದ್ದ ಸ್ಥಿತಿ 2024ರ ಫೆಬ್ರುವರಿ 26ರವರೆಗೂ ಇತ್ತು. ಆ ದಿನದಿಂದ ಟಿಟಿಸಿ, ಮಿಸಿಸಾಗಾದ ಮೈವೇ, ಬ್ರಾಂಪ್ಟನ್, ಯಾರ್ಕ್, ಡರಮ್ ಬಸ್ಸುಗಳ ನಡುವೆ ಎರಡನೆಯ ದರ ಹೋಯಿತು. ಒಂದು ಕಲ್ಲೂ ಕದಲಿಸದೆ ಮಾಡಬಹುದಾಗಿದ್ದ ಸುಧಾರಣೆ ಇದು. ದಶಕಗಳ ಹಿಂದೆಯೇ ಮಾಡಬಹುದಾಗಿತ್ತು. ಅಷ್ಟೂ ವರ್ಷ, 1967ರಲ್ಲಿ ಓಡಲು ಶುರುವಾದ ಗೋ ಉಪನಗರ ರೈಲಿನ ನಿಲ್ದಾಣಗಳ ಸುತ್ತ ಪಾರ್ಕಿಂಗ್ ಬಯಲು ಮಾತ್ರ ಧಾರಾಳವಾಗಿ, ಬಹುಮಟ್ಟಿಗೆ ಪುಕ್ಕಟೆಯಾಗಿ ಬೆಳೆಯಿತು.

ಎರಡು ಗಂಭೀರ ಆಕ್ಷೇಪಗಳು ಉಳಿದಿವೆ. ಮೊದಲನೆಯದು, ಜನರಿಗೆ ಇದೇ ಬೇಕು ಎಂಬುದು. ಸ್ವಂತ ಮನೆ, ಹಿತ್ತಲಲ್ಲಿ ನಾಲ್ಕು ಮೆಂತ್ಯ ಕೊತ್ತಂಬರಿ ಮಡಿ, ಮಕ್ಕಳಿಗೆ ಒಳ್ಳೆಯ ಶಾಲೆ, ಸದ್ದಿಲ್ಲದ ಬೀದಿ. ಇದನ್ನು ಬಯಸಿ ನಮ್ಮವರೇ ದೂರದ ಮಿಲ್ಟನ್‌ವರೆಗೆ ಹೋಗಿ ಮನೆ ಕೊಳ್ಳುತ್ತಾರಲ್ಲ? ಬಯಕೆ ನಿಜ, ಅದನ್ನು ಹೀಗಳೆಯುವುದು ಡೌನ್‌ಟೌನ್ ಬುದ್ಧಿವಂತರ ಚಾಳಿ. ಆದರೆ ಬೇರೆ ಬಗೆಯ ಮನೆ ಕಟ್ಟುವುದನ್ನೇ ಕಾನೂನು ತಡೆದಿರುವಾಗ ಇರುವುದನ್ನು ಕೊಂಡದ್ದಕ್ಕೆ ಆಯ್ಕೆ ಎಂದು ಹೆಸರಿಡುವುದು ಸರಿಯಲ್ಲ. ಟೊರಾಂಟೊ ನಗರ ಎಲ್ಲ ವಾಸದ ಬೀದಿಗಳಲ್ಲೂ ನಾಲ್ಕು ಮನೆಯ ಕಟ್ಟಡಕ್ಕೆ ಅನುಮತಿ ಕೊಟ್ಟದ್ದು 2023ರ ಮೇ ತಿಂಗಳಲ್ಲಿ. ಅಂಗಡಿಬೀದಿಗೆ ನಡೆದು ಹೋಗಬಹುದಾದ ಹಳೆಯ ನೆರೆಹೊರೆಗಳ ಬೆಲೆ ನೋಡಿದರೆ ಜನರಿಗೆ ಅದೂ ಬೇಕು, ಸಿಗುತ್ತಿಲ್ಲ ಅಷ್ಟೇ ಎಂಬುದು ತಿಳಿಯುತ್ತದೆ. ಇನ್ನೂ ಒಂದು ಮಾತು: ಬ್ರಾಂಪ್ಟನ್‌ನ ಬೇಸ್‌ಮೆಂಟ್‌ಗಳಲ್ಲಿ ಬಾಡಿಗೆಗೆ ಇರುವವರನ್ನು ಕೇಳಿದರೆ ಒಂದು ಸಂಸಾರಕ್ಕೊಂದು ಮನೆ ಎಂಬ ನಕ್ಷೆಯನ್ನು ಜನ ಎಂದೋ ಮುರಿದಿದ್ದಾರೆಂದು ಗೊತ್ತಾಗುತ್ತದೆ. ಪ್ರಾಂತ್ಯ ಸರ್ಕಾರ 2011ರಲ್ಲಿ ಎರಡನೆಯ ಮನೆಗೆ, 2022ರಲ್ಲಿ ಮೂರಕ್ಕೆ ಕಾನೂನಿನಲ್ಲಿ ಜಾಗ ಮಾಡಿಕೊಟ್ಟಿತು. ಅಷ್ಟರಲ್ಲಿ ಸಾವಿರಾರು ಬಾಡಿಗೆದಾರರು ಬೆಂಕಿ ಸುರಕ್ಷತೆಯ ತಪಾಸಣೆಯಿಲ್ಲದ, ಎರಡನೆಯ ಬಾಗಿಲಿಲ್ಲದ ಕೋಣೆಗಳಲ್ಲಿ ಕದ್ದುಮುಚ್ಚಿ ಬಾಳಿದ್ದರು.

ಎರಡನೆಯ ಆಕ್ಷೇಪ ನಮ್ಮವರಿಂದಲೇ ಬರುತ್ತದೆ. ಯೋಜನೆ ಕೆಟ್ಟದ್ದು ಎನ್ನುವಿರಾದರೆ ಬೆಂಗಳೂರಿನ ಹೊರವಲಯ ನೋಡಿ, ಯೋಜನೆ ಇಲ್ಲದಿದ್ದರೆ ಚರಂಡಿಯೂ ಇಲ್ಲ, ಫುಟ್‌ಪಾತೂ ಇಲ್ಲ, ಕೆರೆಯೂ ಇಲ್ಲ ಎಂದು. ಒಪ್ಪಿದೆ. ಅದಕ್ಕೇ ನಾನು ಯೋಜನೆಯನ್ನು ಬಯ್ಯುತ್ತಿಲ್ಲ. ಬೆಂಗಳೂರಿನಲ್ಲೇ ಎರಡು ಬಗೆ ಇವೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1948ರಲ್ಲಿ, ಜಯನಗರಕ್ಕೆ ಅಡಿಗಲ್ಲು ಬಿತ್ತು; ಅದೂ ಬ್ಲಾಕುಗಳ ಲೆಕ್ಕದಲ್ಲಿ ಯೋಜಿಸಿದ ಬಡಾವಣೆಯೇ. ಅಲ್ಲಿ ಬೀದಿಗಳು ನೇರವಾಗಿ ಒಂದಕ್ಕೊಂದು ಕೂಡಿಕೊಂಡವು, ಮನೆಯ ಮುಂದಿನ ಕೋಣೆ ದರ್ಜಿ ಅಂಗಡಿಯಾಯಿತು, ಟ್ಯೂಷನ್ ತರಗತಿಯಾಯಿತು. ಬ್ಲಾಕಿನ ಮಾರುಕಟ್ಟೆಗೆ ನಡೆದೇ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ರೂಪಿಸಿದ ಕೆಲಸದ ಖಾನೆ. ಕೆಲಸ ಅಲ್ಲಿ, ಮನೆ ಇನ್ನೆಲ್ಲೋ. ಮೇಲ್ಸೇತುವೆ ಹೆದ್ದಾರಿ 2010ರಲ್ಲಿ ಬಂತು, ಮೆಟ್ರೊ ಹಳದಿ ಮಾರ್ಗ ಮುಟ್ಟಿದ್ದು 2025ರ ಆಗಸ್ಟ್‌ನಲ್ಲಿ. ಎರಡೂ ಯೋಜನೆಗಳೇ, ಆದರೆ ಒಂದರಲ್ಲಿ ಆಮೇಲೆ ಬಂದವರಿಗೆ ಕೈಯಾಡಿಸಲು ಜಾಗ ಇತ್ತು. ಜಯನಗರದ ಈ ಸಡಿಲು ಕೆಲವೆಡೆ ಮಿತಿಮೀರಿ ವಾಹನಗಳ ಗೋಜಲಾಗಿದೆ ಎಂಬುದೂ ಸತ್ಯವೇ. ತಿದ್ದಲು ಬಿಡುವುದೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಒಳಚರಂಡಿ, ರಸ್ತೆಯ ಅಗಲ, ಶಾಲೆಯ ಜಾಗ, ಸಾರಿಗೆಯ ಪಥ ಇವನ್ನು ಯೋಜಕರು ಬಿಗಿಯಾಗಿ ಹಿಡಿಯಲಿ. ಒಂದು ಮನೆಯಲ್ಲಿ ಎಷ್ಟು ಸಂಸಾರ, ಮೂಲೆಯಲ್ಲಿ ಅಂಗಡಿ ಬೇಕೆ, ಗ್ಯಾರೇಜಿನಲ್ಲಿ ಏನು ಕೆಲಸ ಎಂಬುದನ್ನು ಇಷ್ಟು ಬಿಗಿ ಹಿಡಿಯಬೇಕಿರಲಿಲ್ಲ. ಡಾನ್ ಮಿಲ್ಸ್ ವಂಶದ ಊರುಗಳು ಇದನ್ನು ತಲೆಕೆಳಗು ಮಾಡಿದವು.

ತಿದ್ದುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಕೊನೆಗೆ ಮುಖ್ಯ. ಹುರೊಂಟಾರಿಯೊ ರಸ್ತೆಯ ಹಗುರ ರೈಲನ್ನು ಮಿಸಿಸಾಗಾದಿಂದ ಬ್ರಾಂಪ್ಟನ್ ಡೌನ್‌ಟೌನಿನವರೆಗೆ ತರಲು 2015ರಲ್ಲಿ ಪ್ರಾಂತ್ಯ ಸರ್ಕಾರ ಪೂರ್ತಿ ನಿರ್ಮಾಣ ವೆಚ್ಚ ಕೊಡಲು ಮುಂದೆ ಬಂದಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಬ್ರಾಂಪ್ಟನ್ ನಗರಸಭೆ ತನ್ನ ಮೇನ್ ಸ್ಟ್ರೀಟಿನ ಭಾಗವನ್ನು 7–4 ಮತಗಳಿಂದ ತಿರಸ್ಕರಿಸಿತು. ಹಳೆಯ ಬೀದಿಯ ಚೆಲುವು ಕೆಡುತ್ತದೆ ಎಂಬುದು ವಿರೋಧಿಗಳ ಒಂದು ಮುಖ್ಯ ಕಾರಣ. ಅಂಥ ಸಭೆಗಳಿಗೆ ಸಂಜೆ ಬಂದು ಕೂರಲು ಬಿಡುವಿರುವವರು, ಅಹವಾಲು ಬರೆಯುವ ಅಭ್ಯಾಸ ಇರುವವರು ಸಾಮಾನ್ಯವಾಗಿ ಮನೆಯ ಒಡೆಯರು, ಹಳಬರು. ಬಸ್ಸಿಗೆ ಕಾಯುವ ಪಾಳಿಯ ಕೆಲಸಗಾರರಲ್ಲಿ, ಓದಲು ಬಂದ ವಿದ್ಯಾರ್ಥಿಗಳಲ್ಲಿ ಇನ್ನೂ ಪೌರತ್ವ ಸಿಗದವರು ಪುರಸಭೆಯ ಚುನಾವಣೆಯಲ್ಲಿ ಮತ ಹಾಕುವಂತೆಯೂ ಇಲ್ಲ. ಆ ಮಾರ್ಗದ ಕೆಲಸ 2020ರಲ್ಲಿ ಶುರುವಾದಾಗ ಅದರ ಕೊನೆ ಸ್ಟೀಲ್ಸ್ ಅವೆನ್ಯೂ ಎಂದೇ ನಿಗದಿಯಾಗಿತ್ತು. ಆಮೇಲೆ ಅದೇ ನಗರಸಭೆ ಅದೇ ರೈಲನ್ನು ಅದೇ ಡೌನ್‌ಟೌನಿಗೆ ಮುಟ್ಟಿಸಬೇಕೆಂದು ಪ್ರಾಂತ್ಯವನ್ನು ಒತ್ತಾಯಿಸಿತು, ಈ ಸಲ ಸುರಂಗದಲ್ಲಿ. ನೆಲದ ಮೇಲೆ ಬರಲಿದ್ದುದನ್ನು ನೆಲದಡಿ ತರುವ ಖರ್ಚು ಹಲವು ಪಟ್ಟು. ಬ್ರಾಂಪ್ಟನ್, ಮಿಸಿಸಾಗಾಗಳಲ್ಲಿ ಮನೆ ಕೊಂಡು ನೆಲೆನಿಂತ ಕನ್ನಡಿಗರು ಈಗ ಹೊಸಬರಲ್ಲ, ತೆರಿಗೆ ಕಟ್ಟುವ ಮತದಾರರು. ಮೂಲೆಯ ಅಂಗಡಿಗೋ, ನಾಲ್ಕು ಮನೆಯ ಕಟ್ಟಡಕ್ಕೋ, ಬಸ್ಸಿನ ಪಥಕ್ಕೋ ಅರ್ಜಿ ಬಂದಾಗ ನಡೆಯುವ ಸಭೆಯ ನೋಟಿಸು ನಮ್ಮ ಅಂಚೆಪೆಟ್ಟಿಗೆಗೂ ಬರುತ್ತದೆ. ಪಕ್ಕದ ಮನೆಯ ಬೇಸ್‌ಮೆಂಟಿನಲ್ಲಿ ಇರುವವರಿಗೆ ಬರುವುದಿಲ್ಲ.